ಹಳೆಯ ಕಾರಿನ ಕರೆಂಟು ಕೈಕೊಟ್ಟಾಗ

ಬ್ಯಾಟರಿ ಬದಲಾಯಿಸಿದ್ದಾಯಿತು, ಸೆಲ್ಫ್ ಮೋಟಾರು ಬಿಚ್ಚಿಸಿದ್ದಾಯಿತು. ಆದರೂ ಬೆಳಿಗ್ಗೆ ಕಾರು ಮಿಸುಕುವುದಿಲ್ಲ. ದೋಷವಿರುವುದು ಸಾವಿರಾರು ರೂಪಾಯಿಯ ಭಾಗದಲ್ಲೋ, ಸಡಿಲಾದ ಒಂದು ನಟ್ಟಿನಲ್ಲೋ? ಊಹಿಸಬೇಕಾಗಿಲ್ಲ, ಅಳೆದರೆ ತಿಳಿಯುತ್ತದೆ.

ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ಅಂಬಾಸಿಡರ್ ಕೂಡ ನಿಂತಿತು. ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಗೆ ವಿದಾಯ ಹೇಳಿತು. ಆದರೆ ಕಾರ್ಖಾನೆಗೆ ಬೀಗ ಬಿದ್ದ ಮಾತ್ರಕ್ಕೆ ಮನೆಯ ಮುಂದಿನ ಕಾರು ಗುಜರಿಗೆ ಹೋಗುವುದಿಲ್ಲ. ಅಪ್ಪ ಕೊಂಡ ಫಿಯೆಟ್, ಮದುವೆಯ ವರ್ಷ ತಂದ ಮಾರುತಿ, ತೋಟದ ಮನೆಯ ಅಂಬಾಸಿಡರ್ ಇವೆಲ್ಲ ನಮ್ಮ ಊರುಗಳಲ್ಲಿ ಇನ್ನೂ ಓಡಾಡಿಕೊಂಡಿವೆ.

ಇಂಥ ಕಾರಿನ ಒಡೆಯರಿಗೆ ಎಂಜಿನ್ನಿನ ಕಾಯಿಲೆಗಳ ಬಗ್ಗೆ ಅಷ್ಟೊಂದು ಭಯವಿಲ್ಲ. ಟ್ಯಾಪೆಟ್ ಸಡಿಲಾದರೆ ಸದ್ದು ಮಾಡುತ್ತದೆ, ಆಯಿಲ್ ಸೋರಿದರೆ ನೆಲದ ಮೇಲೆ ಕಲೆ ಬೀಳುತ್ತದೆ, ಕ್ಲಚ್ ಸವೆದರೆ ವಾಸನೆ ಬರುತ್ತದೆ. ಕಣ್ಣು, ಕಿವಿ, ಮೂಗು ಮೂರೂ ಸುಳಿವು ಕೊಡುತ್ತವೆ. ಆದರೆ ವಿದ್ಯುತ್ತು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಹಾಗಾಗಿ ಕರೆಂಟಿನ ದೋಷ ಬಂತೆಂದರೆ ರಿಪೇರಿ ಊಹೆಯ ಮೇಲೆ ನಡೆಯುತ್ತದೆ. ಮೊದಲು ಹೊಸ ಬ್ಯಾಟರಿ. ಎರಡು ವಾರ ಬಿಟ್ಟು ಆಲ್ಟರ್ನೇಟರ್. ಅದಕ್ಕೂ ಬಗ್ಗದಿದ್ದರೆ ಸೆಲ್ಫ್. ಕೊನೆಗೆ "ವೈರಿಂಗ್ ಪೂರ್ತಿ ಬದಲಾಯಿಸಬೇಕು ಸಾರ್" ಎಂಬ ತೀರ್ಪು. ಅಷ್ಟು ಹೊತ್ತಿಗೆ ಖರ್ಚಾದ ಹಣ ಕಾರಿನ ಬೆಲೆಯ ಹತ್ತಿರಕ್ಕೇ ಬಂದಿರುತ್ತದೆ.

ವಿಚಿತ್ರವೆಂದರೆ, ಹಳೆಯ ಕಾರಿನ ಕರೆಂಟಿನ ದೋಷ ಬಹಳ ಸಲ ಇಂಥ ದೊಡ್ಡ ಭಾಗಗಳಲ್ಲಿ ಇರುವುದೇ ಇಲ್ಲ. ಅದು ಇರುವುದು ಎರಡು ಲೋಹಗಳು ಸೇರುವ ಜಾಗದಲ್ಲಿ. ಬ್ಯಾಟರಿಯ ತಲೆಗೆ ಹಾಕಿದ ಕ್ಲಾಂಪು, ಬಾಡಿಗೆ ಬಿಗಿದ ಬೋಲ್ಟು, ಫ್ಯೂಸ್ ಕೂರುವ ಕ್ಲಿಪ್ಪು, ಸ್ವಿಚ್ಚಿನ ಒಳಗಿನ ಚುಕ್ಕಿಯಷ್ಟು ಹಿತ್ತಾಳೆ. ಮೂವತ್ತು ಮಳೆಗಾಲ ಕಂಡ ಕಾರಿನಲ್ಲಿ ತಾಮ್ರದ ತಂತಿ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದರ ತುದಿಗಳು ಕಿಲುಬು ಹಿಡಿದಿರುತ್ತವೆ. ಯಾವ ತುದಿ ಎಂದು ಹುಡುಕುವುದಕ್ಕೆ ಒಂದು ಮೀಟರು, ಸ್ವಲ್ಪ ತಾಳ್ಮೆ ಸಾಕು.

ಹೋದದ್ದು ಹಿಂದಿರುಗಬೇಕು

ವಿದ್ಯುತ್ ಪ್ರವಾಹಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬ್ಯಾಟರಿಯಿಂದ ಹೊರಟ ಪ್ರವಾಹ ಬ್ಯಾಟರಿಗೇ ಮರಳಬೇಕು. ಮನೆಯ ದೀಪಕ್ಕೆ ಎರಡು ತಂತಿ ಬರುತ್ತವೆ. ಕಾರಿನಲ್ಲಿ ಹೆಚ್ಚಿನ ದೀಪಗಳಿಗೆ ಒಂದೇ. ಹಾಗಾದರೆ ಹಿಂದಿರುಗುವ ದಾರಿ? ಕಾರಿನ ಬಾಡಿಯೇ ಆ ದಾರಿ. ತಂತಿ ಉಳಿಸಲು ಕಾರು ತಯಾರಕರು ಕಂಡುಕೊಂಡ ಉಪಾಯವಿದು. ಬ್ಯಾಟರಿಯ ಒಂದು ತಲೆಯನ್ನು ಬಾಡಿಗೆ ಕಟ್ಟಿಬಿಟ್ಟರೆ ಇಡೀ ಉಕ್ಕಿನ ಮೈ ಒಂದು ದಪ್ಪ ತಂತಿಯಂತೆ ಕೆಲಸ ಮಾಡುತ್ತದೆ. ಗ್ಯಾರೇಜಿನವರು 'ಅರ್ತ್' ಎನ್ನುವುದು ಇದನ್ನೇ. ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ರಸ್ತೆಯ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ನೆಗೆಟಿವ್ ತಲೆ ಬಾಡಿಗೆ ಸೇರಿರುತ್ತದೆ. ಆದರೆ ತೀರ ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಪಾಸಿಟಿವ್ ತಲೆಯನ್ನು ಬಾಡಿಗೆ ಕಟ್ಟುವ ಪದ್ಧತಿಯಿತ್ತು. ಅಂಥ ಕಾರಿಗೆ ಹೊಸ ಬ್ಯಾಟರಿ ಕೂರಿಸುವ ಮುನ್ನ ಯಾವ ತಲೆಯ ದಪ್ಪ ತಂತಿ ಬಾಡಿಗೆ ಹೋಗಿದೆ ಎಂದು ನೋಡಿಕೊಳ್ಳುವುದು ಕ್ಷೇಮ.

ಈ ಮರಳುವ ದಾರಿಯೇ ಹಳೆಯ ಕಾರಿನ ಬಲಹೀನ ಜಾಗ. ಬಾಡಿಗೆ ತುಕ್ಕು ಹಿಡಿಯುತ್ತದೆ. ಡೆಂಟ್ ತೆಗೆಸಿ ಪೇಂಟ್ ಮಾಡಿಸಿದಾಗ ಅರ್ತ್ ಬೋಲ್ಟಿನ ಕೆಳಗೂ ಬಣ್ಣ ಕೂರುತ್ತದೆ. ಎಂಜಿನ್ ಇಳಿಸಿ ಏರಿಸಿದಾಗ ಎಂಜಿನ್ನಿಗೂ ಬಾಡಿಗೂ ನಡುವೆ ಇದ್ದ ಅರ್ತ್ ಪಟ್ಟಿಯನ್ನು ಮರಳಿ ಹಾಕುವುದನ್ನೇ ಮರೆತಿರುತ್ತಾರೆ. ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಪಟ್ಟಿ ಇಲ್ಲದಿದ್ದರೆ ಸೆಲ್ಫ್ ಮೋಟಾರಿನ ಪ್ರವಾಹ ಎಂಜಿನ್ನಿನಿಂದ ಬಾಡಿಗೆ ದಾಟಲು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಯಾವುದಾದರೂ ಸರಿ. ಸೆಲ್ಫ್ ಹೊಡೆದಾಗ ಚೋಕ್ ಗುಂಡಿ ಬೆಚ್ಚಗಾದರೆ, ಕೇಬಲ್ಲಿನಿಂದ ಸುಟ್ಟ ವಾಸನೆ ಬಂದರೆ ಕಾರಣ ಇದೇ. ಕೇಬಲ್ ಬದಲಾಯಿಸಿ ಪ್ರಯೋಜನವಿಲ್ಲ. ಅರ್ತ್ ಪಟ್ಟಿ ಹಾಕಬೇಕು.

ದೀಪ ಉರಿದರೆ ಬ್ಯಾಟರಿ ಸರಿಯೇ?

"ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ, ಹಾರ್ನ್ ಹೊಡೆಯುತ್ತಿದೆ. ಹಾಗಾಗಿ ಬ್ಯಾಟರಿ, ತಂತಿ ಎಲ್ಲ ಸರಿಯಿವೆ. ಸೆಲ್ಫೇ ಹೋಗಿದೆ." ಗ್ಯಾರೇಜುಗಳಲ್ಲಿ ದಿನವೂ ಕೇಳುವ ಈ ತರ್ಕ ಸರಿಯೆನಿಸುತ್ತದೆ, ಆದರೆ ತಪ್ಪು. ಯಾಕೆಂದು ಒಂದು ಸಣ್ಣ ಲೆಕ್ಕ ಹೇಳುತ್ತದೆ.

ಹೆಡ್‌ಲೈಟಿನ 60 ವ್ಯಾಟಿನ ಒಂದು ಬಲ್ಬಿಗೆ ಬೇಕಾದ ಪ್ರವಾಹ 5 ಆಂಪಿಯರ್. ಸೆಲ್ಫ್ ಮೋಟಾರಿಗೆ ಬೇಕಾದದ್ದು ನೂರು, ನೂರೈವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಈಗ ಬ್ಯಾಟರಿಯ ತಲೆಗೂ ಕ್ಲಾಂಪಿಗೂ ನಡುವೆ ಕಿಲುಬು ಕೂತು ಒಂದು ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು ರೋಧ ಹುಟ್ಟಿದೆ ಎಂದುಕೊಳ್ಳಿ. ರೋಧವನ್ನು ಪ್ರವಾಹದಿಂದ ಗುಣಿಸಿದರೆ ಅಲ್ಲಿ ಸೋರಿಹೋಗುವ ವೋಲ್ಟೇಜ್ ಸಿಗುತ್ತದೆ. ಹೈಸ್ಕೂಲಿನಲ್ಲಿ ಓದಿದ ಓಮನ ನಿಯಮ. ಬಲ್ಬಿನ 5 ಆಂಪಿಯರಿಗೆ ನಷ್ಟವಾಗುವುದು ಕಾಲು ವೋಲ್ಟ್. ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಅದೇ ಜೋಡಣೆಯಲ್ಲಿ 150 ಆಂಪಿಯರ್ ಹರಿಯಬೇಕೆಂದರೆ ಏಳೂವರೆ ವೋಲ್ಟ್ ಅಲ್ಲೇ ಖರ್ಚಾಗಬೇಕು. ಹನ್ನೆರಡರಲ್ಲಿ ಏಳೂವರೆ ಹೋದರೆ ಸೆಲ್ಫಿಗೆ ಉಳಿಯುವುದೇನು? 'ಟಕ್' ಎಂಬ ಒಂದು ಸದ್ದು, ಅಷ್ಟೇ.

ಹೀಗಾಗಿ ದೀಪ ಉರಿಯುವುದು ಸೆಲ್ಫಿನ ದಾರಿ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಕಾಲುದಾರಿಯಲ್ಲಿ ಸೈಕಲ್ ಹೋಯಿತೆಂದು ಲಾರಿಯೂ ಹೋಗುತ್ತದೆಯೇ? ಜೋಡಣೆಯನ್ನು ಪರೀಕ್ಷಿಸುವುದಿದ್ದರೆ ಅದರ ಮೇಲೆ ಪೂರ್ಣ ಭಾರ ಬಿದ್ದಿರುವಾಗಲೇ ಪರೀಕ್ಷಿಸಬೇಕು. ಕರೆಂಟಿನ ದೋಷ ಹುಡುಕುವವರು ಮರೆಯಬಾರದ ಸೂತ್ರವಿದು.

ಬ್ಯಾಟರಿಯಿಂದ ಆರಂಭ

ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಅಂಕೆ ತೋರಿಸುವ ಮಲ್ಟಿಮೀಟರ್, ಎರಡು ತಂತಿ ಬೆಸೆದ 12 ವೋಲ್ಟಿನ ಒಂದು ಬಲ್ಬು, ಉಪ್ಪುಕಾಗದ, ಒಂದೆರಡು ಸ್ಪ್ಯಾನರು. ಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ ಇಟ್ಟುಕೊಂಡರೆ ಮುಕ್ಕಾಲು ಕೆಲಸ ಅದರಲ್ಲೇ ಮುಗಿಯುತ್ತದೆ.

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯ ಎರಡು ತಲೆಗಳಿಗೆ ಬೆಳಿಗ್ಗೆ ಮೀಟರಿನ ಕಡ್ಡಿ ತಾಗಿಸಿ. 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೋಗಿದ್ದರೆ ಬೇರೆ ಯಾವ ಪರೀಕ್ಷೆಗೂ ಮುನ್ನ ಚಾರ್ಜು ಮಾಡಿಸಿ. ಹಸಿದ ಬ್ಯಾಟರಿ ಇಟ್ಟುಕೊಂಡು ಉಳಿದ ದೋಷ ಹುಡುಕಿದರೆ ದಾರಿ ತಪ್ಪುತ್ತದೆ.

ನೀರು ಹಾಕುವ ಮಾದರಿಯ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಆರು ಕೋಶಗಳಲ್ಲಿ ಐದು 1.25 ತೋರಿಸಿ ಒಂದು ಮಾತ್ರ 1.15ರಲ್ಲಿ ನಿಂತಿದ್ದರೆ ಆ ಕೋಶ ಹೋಯಿತು. ಬ್ಯಾಟರಿಯ ಆಯುಷ್ಯ ಮುಗಿಯಿತು. ಆರೂ ಸಮನಾಗಿ ಇಳಿದಿದ್ದರೆ ಬ್ಯಾಟರಿಯ ತಪ್ಪಿಲ್ಲ. ಅದಕ್ಕೆ ಊಟ ಬರುತ್ತಿಲ್ಲ, ಇಲ್ಲವೇ ಯಾರೋ ಕದ್ದು ತಿನ್ನುತ್ತಿದ್ದಾರೆ.

ಊಟ ಬರುತ್ತಿದೆಯೇ ಎಂದು ತಿಳಿಯಲು ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಅದೇ ಎರಡು ತಲೆಗಳಲ್ಲಿ ಅಳೆಯಿರಿ. ಆಲ್ಟರ್ನೇಟರ್ ಇರುವ ಕಾರಿನಲ್ಲಿ 13.8ರಿಂದ 14.5ರ ನಡುವೆ ಇರಬೇಕು. 13ನ್ನೂ ಮುಟ್ಟದಿದ್ದರೆ ಚಾರ್ಜು ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಕುದಿದು ಆರುತ್ತದೆ, ಬಲ್ಬುಗಳು ಒಂದೊಂದಾಗಿ ಸುಡುತ್ತವೆ. ಇನ್ನೂ ಹಳೆಯ ಡೈನಮೊ ಕಾರುಗಳಲ್ಲಿ ಎಂಜಿನ್ ನಿಧಾನವಾಗಿ ಓಡುವಾಗ ಚಾರ್ಜು ಆಗದಿರುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು. ಆಲ್ಟರ್ನೇಟರ್ ಕಾರಿನಲ್ಲಿ ಮಾತ್ರ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು 'ಚೆಕ್' ಮಾಡುವ ಹಳೆಯ ಅಭ್ಯಾಸ ಬೇಡ. ಆ ಕ್ಷಣದಲ್ಲಿ ನೆಗೆಯುವ ವೋಲ್ಟೇಜು ಅದರ ಒಳಗಿನ ಡಯೋಡುಗಳನ್ನು ಸುಡಬಲ್ಲದು.

ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ದೀಪ ಕೆಲಸ ಮಾಡುವ ಬಗೆಯೂ ಸ್ವಾರಸ್ಯದ್ದು. ಅದರ ಒಂದು ತುದಿ ಬ್ಯಾಟರಿಯ ಕಡೆ, ಇನ್ನೊಂದು ಆಲ್ಟರ್ನೇಟರ್ ಕಡೆ. ಎರಡು ಕಡೆಯ ವೋಲ್ಟೇಜು ಸಮವಾದಾಗ ಪ್ರವಾಹ ಹರಿಯದೆ ದೀಪ ಆರುತ್ತದೆ. ಓಡುವಾಗಲೂ ಅದು ಮಂದವಾಗಿ ಹೊಳೆಯುತ್ತಿದ್ದರೆ ಎರಡೂ ಕಡೆ ಸಮವಾಗಿಲ್ಲವೆಂದು ಅರ್ಥ. ಕೀಲಿ ತಿರುಗಿಸಿದಾಗ ಅದು ಹೊತ್ತಿಕೊಳ್ಳದಿದ್ದರೆ ಅದೂ ಒಳ್ಳೆಯ ಸೂಚನೆಯಲ್ಲ. ಅನೇಕ ಕಾರುಗಳಲ್ಲಿ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಚೂರು ಪ್ರವಾಹ ಹೋಗುವುದೇ ಈ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ಚಾರ್ಜೂ ನಿಲ್ಲಬಹುದು. ಚಿಲ್ಲರೆ ಕಾಸಿನ ಬಲ್ಬಿಗಾಗಿ ಆಲ್ಟರ್ನೇಟರ್ ಬಿಚ್ಚಿಸಿದವರು ಉಂಟು.

ಸೆಲ್ಫ್ ತಿರುಗದಿದ್ದರೆ ನಾಲ್ಕು ಅಳತೆ

ಸೆಲ್ಫ್ ಬಿಚ್ಚುವ ಮುನ್ನ ನಾಲ್ಕು ಅಳತೆ ತೆಗೆದುಕೊಳ್ಳಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಎಂಜಿನ್ ಚಾಲೂ ಆಗದಂತೆ ಕಾಯಿಲ್‌ಗೆ ಬರುವ ಸಣ್ಣ ತಂತಿಯನ್ನು ಕಳಚಿಡಿ. ಕೀಲಿ ತಿರುಗಿಸಲು ಇನ್ನೊಬ್ಬರು ಒಳಗೆ ಕೂರಲಿ.

ಮೊದಲನೆಯದು, ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಎರಡು ಸೀಸದ ತಲೆಗಳ ನಡುವಿನ ವೋಲ್ಟೇಜು. ಕಡ್ಡಿ ತಾಗಬೇಕಾದದ್ದು ಕ್ಲಾಂಪಿಗಲ್ಲ, ತಲೆಗೇ. ಇದು ಸುಮಾರು 10 ವೋಲ್ಟಿಗಿಂತ ಮೇಲಿದ್ದರೆ ಬ್ಯಾಟರಿಗೆ ಶಕ್ತಿಯಿದೆ. ಏಳಕ್ಕೋ ಎಂಟಕ್ಕೋ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಅತಿಯಾಗಿ ಎಳೆಯುತ್ತಿದೆ. ಕೀಲಿ ತಿರುಗಿಸಿದರೂ 12ರಿಂದ ಅಲುಗದೆ ನಿಂತರೆ ಪ್ರವಾಹ ಹೊರಟೇ ಇಲ್ಲ; ದಾರಿಯಲ್ಲಿ ಎಲ್ಲೋ ತಡೆಯಿದೆ.

ಎರಡನೆಯದು, ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ತಲೆಗೆ, ಇನ್ನೊಂದು ಸೆಲ್ಫಿನ ದಪ್ಪ ತಂತಿ ಕೂರುವ ಬೋಲ್ಟಿಗೆ. ಮೂರನೆಯದು, ಒಂದು ಕಡ್ಡಿ ನೆಗೆಟಿವ್ ತಲೆಗೆ, ಇನ್ನೊಂದು ಎಂಜಿನ್ ಬ್ಲಾಕಿನ ಶುಚಿಯಾದ ಲೋಹಕ್ಕೆ. ನಾಲ್ಕನೆಯದು, ನೆಗೆಟಿವ್ ತಲೆಯಿಂದ ಬಾಡಿಗೆ. ಮೂರನ್ನೂ ಸೆಲ್ಫ್ ಹೊಡೆಯುತ್ತಿರುವಾಗಲೇ ನೋಡಬೇಕು. ದಾರಿ ಸರಿಯಿದ್ದರೆ ಮೀಟರು ಸೊನ್ನೆಯ ಹತ್ತಿರವೇ ಇರುತ್ತದೆ. ಪಾಸಿಟಿವ್ ಕಡೆ ಅರ್ಧ ವೋಲ್ಟಿನವರೆಗೆ, ಅರ್ತ್ ಕಡೆ ಅದಕ್ಕೂ ಕಡಿಮೆ. ಎಲ್ಲಿ ಎರಡು, ಮೂರು ವೋಲ್ಟ್ ಕಾಣಿಸುತ್ತದೋ ಅಲ್ಲೇ ದೋಷ. ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತ ಬಂದರೆ ಅಂಕೆ ತಟ್ಟನೆ ಬೀಳುವ ಜಾಗ ಸಿಗುತ್ತದೆ. ಆ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ತುಸು ವ್ಯಾಸಲೀನ್ ಸವರಿದರೆ ರಿಪೇರಿ ಮುಗಿಯಿತು.

ನಾಲ್ಕೂ ಅಳತೆ ಸರಿಯಿದ್ದು, ಸೆಲ್ಫಿನ ಬೋಲ್ಟಿಗೂ ಎಂಜಿನ್ನಿಗೂ ನಡುವೆ ಪೂರ್ಣ ವೋಲ್ಟೇಜು ಬರುತ್ತಿದ್ದು, ಸೊಲೆನಾಯ್ಡಿನ ಸಣ್ಣ ತಂತಿಗೂ ಕೀಲಿ ತಿರುಗಿಸಿದಾಗ ವೋಲ್ಟೇಜು ಬಂದು, ಆಗಲೂ ತಿರುಗದಿದ್ದರೆ ಮಾತ್ರ ಸೆಲ್ಫ್ ಬಿಚ್ಚಿಸಲು ಒಪ್ಪಿಕೊಳ್ಳಿ.

ಮಂಕಾದ ಹೆಡ್‌ಲೈಟು

ಸೆಲ್ಫ್ ಕೈಕೊಟ್ಟರೆ ಕಾರು ಮನೆಯಲ್ಲೇ ನಿಲ್ಲುತ್ತದೆ. ಹೆಡ್‌ಲೈಟ್ ಮಂಕಾದರೆ ಆಗುವ ಅಪಾಯ ದೊಡ್ಡದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಳೆಯ ರಾತ್ರಿ ತಿರುವಿನಾಚೆ ನಿಂತ ಲಾರಿ ಕಾಣಬೇಕಾದರೆ ಬೆಳಕು ಬೇಕು. ಬಲ್ಬಿನ ಬೆಳಕು ವೋಲ್ಟೇಜಿಗೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಗುತ್ತದೆ.

ಆ ಹತ್ತು ಎಲ್ಲಿ ಹೋಗುತ್ತದೆ? ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ದೀಪದ ಸ್ವಿಚ್ಚಿಗೆ, ಅಲ್ಲಿಂದ ಡಿಪ್ ಸ್ವಿಚ್ಚಿಗೆ, ಫ್ಯೂಸಿಗೆ, ಬಲ್ಬಿನ ಹೋಲ್ಡರಿಗೆ, ಕೊನೆಗೆ ಅರ್ತ್ ಬೋಲ್ಟಿಗೆ ಬರಬೇಕು. ಪ್ರತಿ ನಿಲ್ದಾಣದಲ್ಲೂ ಒಂದಿಷ್ಟು ಸುಂಕ. ಕಾಲಿನಿಂದ ಒತ್ತುವ ಡಿಪ್ ಸ್ವಿಚ್ ಇರುವ ಕಾರಾದರೆ ಚಪ್ಪಲಿಯ ಕೆಸರೆಲ್ಲ ಅದರ ಮೇಲೆಯೇ. ಇಲ್ಲೂ ಉಪಾಯ ಹಿಂದಿನದೇ. ದೀಪ ಉರಿಸಿ, ಬ್ಯಾಟರಿಯ ಪಾಸಿಟಿವ್ ತಲೆಗೂ ಬಲ್ಬಿನ ಪಿನ್ನಿಗೂ ನಡುವೆ ಅಳೆಯಿರಿ. ನಂತರ ಬಲ್ಬಿನ ಅರ್ತ್ ಪಿನ್ನಿಗೂ ನೆಗೆಟಿವ್ ತಲೆಗೂ. ಎರಡೂ ಸೇರಿ ಒಂದು ವೋಲ್ಟಿಗಿಂತ ಹೆಚ್ಚು ನಷ್ಟವಿದ್ದರೆ ಬಲ್ಬು ಬದಲಾಯಿಸಿ ಫಲವಿಲ್ಲ.

ಇದಕ್ಕೆ ಅಂಗಡಿಯವರು ಸೂಚಿಸುವ ಸುಲಭ ಮದ್ದು 100 ವ್ಯಾಟಿನ ಬಲ್ಬು. ಅದು ಮದ್ದಲ್ಲ, ವಿಷ. ಎರಡು 60 ವ್ಯಾಟಿನ ಬಲ್ಬುಗಳಿಗೆ 10 ಆಂಪಿಯರ್ ಸಾಗಿಸುತ್ತಿದ್ದ ಹಳೆಯ ಸ್ವಿಚ್ಚು ಈಗ ಸುಮಾರು 17 ಆಂಪಿಯರ್ ಸಾಗಿಸಬೇಕು. ಜೋಡಣೆಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ಸ್ವಿಚ್ ಕರಗುವುದು, ತಂತಿ ಹೊತ್ತಿಕೊಳ್ಳುವುದು ಹೀಗೆ. ಎದುರಿನವರ ಕಣ್ಣು ಕುಕ್ಕುವ ಪಾಪ ಬೇರೆ. ಸರಿಯಾದ ದಾರಿಯೆಂದರೆ ರಿಲೇ. ಸ್ವಿಚ್ಚು ರಿಲೇಯನ್ನು ಎಬ್ಬಿಸಿದರೆ ಸಾಕು. ದೀಪದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ಗಿಡ್ಡ ದಾರಿಯಲ್ಲಿ ಹೋಗುತ್ತದೆ. ಅದೇ 60 ವ್ಯಾಟಿನ ಬಲ್ಬು ಹೊಸದರಂತೆ ಬೆಳಗುತ್ತದೆ.

ದೆವ್ವ ಹಿಡಿದ ದೀಪಗಳು

ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ದೀಪ ಮಂದವಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಕಣ್ಣು ಮಿಟುಕಿಸುತ್ತದೆ. ಇಂಥ ಚೇಷ್ಟೆಗೆ ಸಾಮಾನ್ಯವಾಗಿ ಕಾರಣ ಒಂದೇ, ಹಿಂದಿನ ದೀಪದ ಅರ್ತ್ ಕಡಿದಿದೆ. ಬ್ರೇಕ್ ದೀಪಕ್ಕೂ ರಾತ್ರಿಯ ಕೆಂಪು ದೀಪಕ್ಕೂ ಅನೇಕ ಕಾರುಗಳಲ್ಲಿ ಒಂದೇ ಬಲ್ಬು, ಒಳಗೆ ಎರಡು ತಂತು. ಅರ್ತ್ ಸಿಗದ ಕರೆಂಟು ಒಂದು ತಂತುವಿನಿಂದ ಇಳಿದು ಇನ್ನೊಂದರ ಮೂಲಕ ಹಿಮ್ಮುಖವಾಗಿ ಹರಿದು, ಅರ್ತ್ ಚೆನ್ನಾಗಿರುವ ಬೇರಾವುದೋ ದೀಪವನ್ನು ಹುಡುಕಿಕೊಂಡು ಹೋಗುತ್ತದೆ. ಹೋಲ್ಡರಿನ ಲೋಹದಿಂದ ಶುಚಿಯಾದ ಬಾಡಿಗೆ ಒಂದು ತುಂಡು ತಂತಿ ಹಿಡಿದು ನೋಡಿ; ದೆವ್ವ ಬಿಟ್ಟುಹೋದರೆ ಅರ್ತ್ ಸರಿಪಡಿಸಿ.

ಹಲವು ಸಲಕರಣೆಗಳು ಒಟ್ಟಿಗೆ ಕೆಟ್ಟಾಗ ಒಂದೊಂದನ್ನೇ ಸಂಶಯಿಸಬಾರದು. ಪೆಟ್ರೋಲ್ ಮುಳ್ಳು, ಇಂಡಿಕೇಟರ್, ವೈಪರ್ ಒಂದೇ ದಿನ ನಿಂತರೆ ಮೂರಕ್ಕೂ ಸೇರಿದ ಫ್ಯೂಸ್ ಯಾವುದು, ಅರ್ತ್ ಯಾವುದು ಎಂದು ಕೇಳಿಕೊಳ್ಳಬೇಕು. ತಂತಿಯ ಬಣ್ಣ ಇದಕ್ಕೆ ನೆರವಾಗುತ್ತದೆ. ಇಂಗ್ಲೆಂಡಿನ ಲೂಕಾಸ್ ಪದ್ಧತಿಯಲ್ಲಿ ಕಂದು ತಂತಿ ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಕೀಲಿ ತಿರುಗಿಸಿದಾಗ ಜೀವ ಬರುವುದು, ಹಸಿರು ಅದೇ ಆದರೆ ಫ್ಯೂಸ್ ದಾಟಿದ್ದು, ಕಪ್ಪು ಅರ್ತ್. ಬ್ರಿಟಿಷ್ ಕಾರುಗಳ ದೀಪಗಳು ಆಗಾಗ ಕೈಕೊಡುತ್ತಿದ್ದವೆಂದು ಅಲ್ಲಿನ ಸವಾರರು ಕಂಪೆನಿಯ ಸ್ಥಾಪಕ ಜೋಸೆಫ್ ಲೂಕಾಸ್‌ಗೆ 'ಕತ್ತಲೆಯ ರಾಜಕುಮಾರ' ಎಂಬ ಬಿರುದು ಕೊಟ್ಟು ನಗುತ್ತಿದ್ದರು. ಆದರೆ ಅವರ ಬಣ್ಣದ ಪದ್ಧತಿ ಮಾತ್ರ ಬೆಳಕು ತೋರಿಸುವಂಥದ್ದು. ನಡುವೆ ಕೈಯಾಡಿಸಿದವರು ಸಿಕ್ಕಿದ ಬಣ್ಣದ ತಂತಿ ಸೇರಿಸಿಲ್ಲದಿದ್ದರೆ!

ರಾತ್ರಿಯ ಕಳ್ಳ

ಸಂಜೆ ಸರಿಯಿದ್ದ ಬ್ಯಾಟರಿ ಮೂರು ದಿನ ಬಿಟ್ಟು ನೋಡಿದರೆ ಖಾಲಿ. ಡಿಕ್ಕಿಯಲ್ಲೋ ಡ್ಯಾಶ್‌ಬೋರ್ಡಿನ ಗೂಡಿನಲ್ಲೋ ಮುಚ್ಚಿದ ಮೇಲೂ ಉರಿಯುವ 5 ವ್ಯಾಟಿನ ಒಂದು ಬಲ್ಬು ಸಾಕು. ಅದು ಎಳೆಯುವುದು 0.4 ಆಂಪಿಯರ್, 35 ಆಂಪಿಯರ್-ಅವರ್ ಬ್ಯಾಟರಿಯನ್ನು ನಾಲ್ಕು ದಿನದೊಳಗೆ ಪೂರ್ತಿ ಬರಿದು ಮಾಡುತ್ತದೆ. ಎಂಜಿನ್ನಿಗೆ ಕಂಪ್ಯೂಟರು ಇಲ್ಲದ ಕಾರ್ಬುರೇಟರ್ ಕಾರು ನಿಂತಿರುವಾಗ ಗಡಿಯಾರ, ರೇಡಿಯೋ ಬಿಟ್ಟರೆ ಬೇರೆ ಯಾವುದಕ್ಕೂ ಕರೆಂಟು ಬೇಕಿಲ್ಲ. ಒಂದು ಆಂಪಿಯರಿನ ನೂರನೆಯ ಕೆಲವು ಭಾಗಗಳಿಗಿಂತ ಹೆಚ್ಚು ಹೋಗುತ್ತಿದ್ದರೆ ಕಳ್ಳನಿದ್ದಾನೆ.

ಹಿಡಿಯುವ ಬಗೆ ಹೀಗೆ. ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಬಾಡಿಗೆ ಹೋದ ತಂತಿಯನ್ನು ಬ್ಯಾಟರಿಯಿಂದ ಕಳಚಿ. ಮೀಟರನ್ನು 10 ಆಂಪಿಯರಿಗೆ ತಿರುಗಿಸಿ, ಕೆಂಪು ತಂತಿಯನ್ನು ಅದರ ಬೇರೆ ತೂತಿಗೆ ಹಾಕಿ, ತಲೆಗೂ ಕಳಚಿದ ತಂತಿಗೂ ನಡುವೆ ಸೇರಿಸಿ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಅಂಕೆ ಬೀಳುತ್ತದೋ ಆ ಸಾಲಿನಲ್ಲಿ ಕಳ್ಳ. ಎಲ್ಲ ಕಿತ್ತರೂ ಬೀಳದಿದ್ದರೆ ಫ್ಯೂಸ್ ದಾಟದೆ ಬ್ಯಾಟರಿಗೆ ನೇರ ಸೇರಿಸಿದ ಮ್ಯೂಸಿಕ್ ಸಿಸ್ಟಂ, ಕಳ್ಳರನ್ನು ಹಿಡಿಯಲೆಂದು ಹಾಕಿಸಿದ ಅಲಾರಂ, ಅಥವಾ ಡಯೋಡ್ ಸುಟ್ಟ ಆಲ್ಟರ್ನೇಟರನ್ನು ಸಂಶಯಿಸಿ. ಮೀಟರು ಹೀಗೆ ಸೇರಿಸಿರುವಾಗ ಮರೆತೂ ಸೆಲ್ಫ್ ಹೊಡೆಯಬಾರದು, ಮೀಟರು ಸುಡುತ್ತದೆ.

ದಾರಿಯಲ್ಲಿ ನಿಂತಾಗ

ಬಿಸಿಲಲ್ಲಿ ಓಡುತ್ತಿದ್ದ ಕಾರು ಗಕ್ಕನೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಪೆಟ್ರೋಲು ಆವಿಯಾಗಿ ದಾರಿ ಕಟ್ಟಿರಬಹುದು, ಕಾದ ಕಾಯಿಲ್ ಒಳಗೆ ತಂತಿ ಬಿಟ್ಟಿರಬಹುದು. ಎರಡನ್ನೂ ಬೇರ್ಪಡಿಸುವ ಸಮಯ ನಿಂತ ಆ ಕ್ಷಣವೇ. ಪೆಟ್ರೋಲು ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಪ್ಲಗ್ಗಿನ ತಂತಿ ಕಿತ್ತು, ಬೇರೊಂದು ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತಿಟ್ಟು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಹಾರಿದರೆ ಪೆಟ್ರೋಲಿನ ಕಡೆ ನೋಡಿ. ಕಿಡಿ ಇಲ್ಲದಿದ್ದರೆ ವಿದ್ಯುತ್ತಿನ ಕಡೆ. ತಂತಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅದರಲ್ಲಿ ಬರುವುದು ಸಾವಿರಾರು ವೋಲ್ಟ್.

ಪಾಯಿಂಟ್, ಕಂಡೆನ್ಸರ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಎಂಬ ಈ ವ್ಯವಸ್ಥೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ್ದು. ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿ 1912ರ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ತಂದವರೂ ಅವರೇ. ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೊ ಪ್ಲಗ್ಗುಗಳು ಈ ವ್ಯವಸ್ಥೆಯ ಕೊನೆಯ ಕೊಂಡಿಯಾಗಿ ದೇಶವೆಲ್ಲ ಕಿಡಿ ಹಾರಿಸಿದವು. 1951ರಲ್ಲಿ ಹುಟ್ಟಿದ ಆ ಕಂಪೆನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಹಳಬರ ಬಾಯಲ್ಲಿ ಅದು ಇಂದಿಗೂ ಮೈಕೊ.

ಪಾಯಿಂಟ್ ಇರುವ ಕಾರಿನಲ್ಲಿ ಕಿಡಿ ಇಲ್ಲದಿದ್ದರೆ ಮೊದಲು ಕಾಯಿಲ್‌ಗೆ ಕರೆಂಟು ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಇನ್ನೊಂದು ತುದಿಗೆ ಟೆಸ್ಟ್ ಬಲ್ಬು ಹಿಡಿದು ಸೆಲ್ಫ್ ಹೊಡೆಸಿ. ಬಲ್ಬು ಮಿಣುಕುತ್ತಿದ್ದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ಕೊಳೆಯಾಗಿದೆ. ಹೊತ್ತಿಕೊಳ್ಳದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ ಅಥವಾ ಕಾಯಿಲ್ ಒಳಗೇ ಕಡಿದಿದೆ. ಹೊಸ ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ. ಇಂಜೆಕ್ಷನ್ ವ್ಯವಸ್ಥೆಯ ಮಾರುತಿಗಳಲ್ಲಿ ಮಾತ್ರ ಬಲ್ಬಿನ ಪ್ರಯೋಗ ಬೇಡ. ಕಂಪ್ಯೂಟರಿನ ತಂತಿಗೆ ಅದು ಭಾರವಾಗುತ್ತದೆ. ಅಲ್ಲಿ ಮೀಟರೇ ಸರಿ.

ಬೆಳ್ಳಿಕಾಗದದ ಫ್ಯೂಸು

ಫ್ಯೂಸ್ ಇರುವುದು ದೀಪವನ್ನು ಕಾಪಾಡಲಿಕ್ಕಲ್ಲ, ತಂತಿಯನ್ನು ಕಾಪಾಡಲಿಕ್ಕೆ. ಸುಟ್ಟ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಿ ಕೂರಿಸುವವರು ಈಗಲೂ ಇದ್ದಾರೆ. ಆ ಹೊತ್ತಿಗೆ ಕಾರು ಮನೆ ಸೇರಬಹುದು. ಮುಂದಿನ ಸಲ ಶಾರ್ಟ್ ಆದಾಗ ಫ್ಯೂಸ್ ಬದಲು ತಂತಿಯೇ ಕಾಯುತ್ತದೆ, ಅದರ ಪಕ್ಕದಲ್ಲೇ ಪೆಟ್ರೋಲ್ ಪೈಪು ಇರುತ್ತದೆ. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ದೊಡ್ಡ ಫ್ಯೂಸ್ ಹಾಕುವುದಲ್ಲ, ತಂತಿ ಎಲ್ಲಿ ಬಾಡಿಗೆ ಉಜ್ಜುತ್ತಿದೆ ಎಂದು ಹುಡುಕಬೇಕು. ಬಾಗಿಲಿನ ಕೀಲು, ಡಿಕ್ಕಿಯ ಮುಚ್ಚಳದ ಕೀಲು, ತಗಡಿನ ತೂತು ದಾಟುವ ಜಾಗದಲ್ಲಿ ಕಳಚಿಬಿದ್ದ ರಬ್ಬರ್ ಬಳೆ ಇವು ಮೊದಲು ನೋಡಬೇಕಾದವು. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ. ಕರಾವಳಿಯ ಕಾರಾದರೆ ಉಪ್ಪುಗಾಳಿ ಕಾಣದಂತೆ ತಂತಿಯ ಹೊದಿಕೆಯೊಳಗೆ ನುಗ್ಗಿ ತಾಮ್ರವನ್ನು ಕಪ್ಪು ಮಾಡಿರುತ್ತದೆ. ಹೊರಗೆ ಗಟ್ಟಿ, ಒಳಗೆ ಪುಡಿ.

ಅಳೆಯುವ ಮೇಸ್ತ್ರಿ ಬೇಕು

ಹೊಸ ಕಾರುಗಳು ತಮ್ಮ ಕಾಯಿಲೆಯನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಸ್ಕ್ಯಾನರ್ ಚುಚ್ಚಿದರೆ ಕೋಡು ಬರುತ್ತದೆ. ಆ ಕೆಲಸಕ್ಕೇ ಒಗ್ಗಿದ ಹುಡುಗರಿಗೆ ಪಾಯಿಂಟ್ ಸೆಟ್ ಹೊಸ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಹಳೆಯ ಬಿಡಿಭಾಗ ಸಿಕ್ಕೀತು, ಹಳೆಯ ಕೈ ಸಿಗುವುದು ಕಷ್ಟ. ನಿಮ್ಮೂರಿನ ಬಸ್‌ಸ್ಟ್ಯಾಂಡಿನ ಪಕ್ಕ ಮರದಡಿ ಟೆಸ್ಟ್ ಬಲ್ಬು ಹಿಡಿದು ಕೂತ ಆಟೊ ಎಲೆಕ್ಟ್ರೀಷಿಯನ್ ಇದ್ದರೆ ಅವರೊಡನೆ ಒಳ್ಳೆಯ ಸಂಬಂಧ ಇಟ್ಟುಕೊಳ್ಳಿ. "ಯಜಮಾನ್ರೇ, ಬದಲಾಯಿಸೋಕೆ ಮುಂಚೆ ಸ್ವಲ್ಪ ಅಳೆದು ತೋರಿಸ್ತೀರಾ?" ಎಂದು ಕೇಳಿ. ಬಲ್ಲವರು ಸಂತೋಷದಿಂದ ತೋರಿಸುತ್ತಾರೆ. ಸಿಡುಕುವವರಿಂದ ಕಾರು ದೂರವಿರಲಿ.

ಕಾಯ್ದೆಯ ಪ್ರಕಾರ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಲು ಕಾರನ್ನು ತಪಾಸಣೆಗೆ ಒಯ್ಯಬೇಕು. ಅಲ್ಲಿ ಹೆಡ್‌ಲೈಟ್, ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್ ಎಲ್ಲ ಕೆಲಸ ಮಾಡಬೇಕು. ಹಿಂದಿನ ಸಂಜೆ ಗಾಬರಿಯಿಂದ ತಂತಿ ತಿರುಚುವುದಕ್ಕಿಂತ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಕೊಡುವುದು ಮೇಲು.

*ಮಳೆಗಾಲಕ್ಕೆ ಮುನ್ನ*

• ಬ್ಯಾಟರಿ ಬಿಚ್ಚುವಾಗ ಬಾಡಿಗೆ ಸೇರಿದ ತಂತಿಯನ್ನು ಮೊದಲು ಕಳಚಿ, ಕೂರಿಸುವಾಗ ಕೊನೆಗೆ ಸೇರಿಸಿ. ಸ್ಪ್ಯಾನರು ಬಾಡಿಗೆ ತಗುಲಿದರೂ ಕಿಡಿ ಹಾರದು.

• ಬ್ಯಾಟರಿಯ ತಲೆಯ ಮೇಲಿನ ಬಿಳಿ, ಹಸಿರು ಬೂಷ್ಟನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ. ಸೋಡಾ ನೀರು ಕೋಶದೊಳಗೆ ಇಳಿಯಬಾರದು.

• ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ನೀರು ನೋಡಲು ಬೆಂಕಿಕಡ್ಡಿ ಗೀರಬೇಡಿ. ಚಾರ್ಜಿನ ಹೊತ್ತಿನಲ್ಲಿ ಬರುವ ಹೈಡ್ರೋಜನ್ ಸಿಡಿಯುತ್ತದೆ.

• ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ, ಹಿಂದಿನ ದೀಪಗಳಿಂದ ಬಾಡಿಗೆ ಹೋದ ಅರ್ತ್‌ಗಳನ್ನು ಬಿಚ್ಚಿ ಉಜ್ಜಿ ಬಿಗಿಯಿರಿ.

• ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಕ್ಲಿಪ್ಪು ಉಜ್ಜಿ, ಅದೇ ಆಂಪಿಯರಿನವನ್ನೇ ಹಾಕಿ. ಎರಡು ಹೆಚ್ಚುವರಿ ಫ್ಯೂಸ್ ಕಾರಿನಲ್ಲಿರಲಿ.

• ನಿಂತಾಗ, ಸೆಲ್ಫ್ ಹೊಡೆಯುವಾಗ, ಎಂಜಿನ್ ಓಡುವಾಗ ಬ್ಯಾಟರಿಯ ಮೂರು ವೋಲ್ಟೇಜುಗಳನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಕಾರು ಮೊಂಡು ಹಿಡಿದಾಗ ಏನು ಬದಲಾಗಿದೆ ಎಂಬುದನ್ನು ಆ ಪುಟವೇ ಹೇಳುತ್ತದೆ.